ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಮೂತ್ರ ಸೋರುತ್ತಿದೆ: ಗುಳಿಗೆ ತೆಗೆದುಕೊಂಡವರು ಅನುಭವ ಹೇಳಿ

ಪ್ರಶ್ನೆ, ಅಂಕೋಲಾದಿಂದ

ನಮ್ಮ ತಂದೆಗೆ 67 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿ ಮಳೆಗಾಲಕ್ಕೆ ಮುಂಚೆ ಆಪರೇಷನ್ ಆಯಿತು. ಮೂತ್ರಚೀಲದ ಕೆಳಗಿರುವ ಆ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಈ ಕ್ಯಾನ್ಸರಿಗೆ ರಕ್ತದಲ್ಲಿ ನೋಡುವ ಪಿಎಸ್‌ಎ ಈಗ ತೀರಾ ಕಡಿಮೆ ಇದೆ, ಆ ಭಯ ಸದ್ಯಕ್ಕಿಲ್ಲ. ಆದರೆ ಮೂತ್ರ ಸೋರುವುದು ನಿಂತಿಲ್ಲ. ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ಬಾವಿಯಿಂದ ಕೊಡಪಾನ ಎತ್ತಿದರೆ ಪಂಚೆ ಒದ್ದೆ. ಮಧ್ಯಾಹ್ನದ ಮೇಲೆ ಜಾಸ್ತಿ. ರಾತ್ರಿ ಮಲಗಿದಾಗ ಅಷ್ಟಾಗಿ ಇಲ್ಲ.

ಡಾಕ್ಟರು ಡುಲೋಕ್ಸೆಟಿನ್ ಅನ್ನುವ ಗುಳಿಗೆ ಬರೆದಿದ್ದಾರೆ. ಡಬ್ಬಿ ಜೊತೆಗಿನ ಕಾಗದದಲ್ಲಿ ನೋಡಿದರೆ ಅದು ಖಿನ್ನತೆಗೆ ಕೊಡುವ ಔಷಧ. 'ನನಗೇನು ತಲೆ ಕೆಟ್ಟಿದೆಯಾ' ಅಂತ ಅಪ್ಪ ಮುಟ್ಟುತ್ತಲೇ ಇಲ್ಲ. ಪಕ್ಕದ ಮನೆಯವರು ತಮ್ಮ ಚೀಟಿ ತೋರಿಸಿ 'ಇದನ್ನೇ ತಗೊಳ್ಳಿ, ನನಗೆ ನಿಂತುಹೋಯ್ತು' ಅನ್ನುತ್ತಿದ್ದಾರೆ. ಅದು ಸೋಲಿಫೆನಾಸಿನ್. ಅಪ್ಪನಿಗೆ ಬಿಪಿ ಇದೆ, ಸಕ್ಕರೆ ಕಾಯಿಲೆಯೂ ಇದೆ. ಯಕ್ಷಗಾನ ಅಂದರೆ ಪ್ರಾಣ ಬಿಡುವ ಮನುಷ್ಯ, ಈಗ ಅಂಗಳ ದಾಟುವುದಿಲ್ಲ. ಈ ಗುಳಿಗೆಗಳನ್ನು ತೆಗೆದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಶಿರಸಿ ಹತ್ತಿರದಿಂದ ಒಬ್ಬರು

ನನಗೂ ಇದೇ ಆಪರೇಷನ್ ಆಗಿದೆ. ಡುಲೋಕ್ಸೆಟಿನ್ ತೆಗೆದುಕೊಂಡಿದ್ದೇನೆ, ಆಮೇಲೆ ಬಿಟ್ಟಿದ್ದೇನೆ. ಹಾಗಾಗಿ ಎರಡೂ ಕಡೆಯದು ಹೇಳಬಲ್ಲೆ.

ಮೊದಲು ಅಪ್ಪನ ತಲೆಬಿಸಿ ಕಳೆಯಿರಿ. ಆ ಗುಳಿಗೆ ಖಿನ್ನತೆಗೂ ಕೊಡುತ್ತಾರೆ, ಸಕ್ಕರೆ ಕಾಯಿಲೆಯವರ ಕಾಲುರಿಗೂ ಕೊಡುತ್ತಾರೆ. ನಮ್ಮಂಥವರಿಗೆ ಕೊಡುವ ಕಾರಣ ಬೇರೆ. ಗಂಡಸರಿಗೆ ಮೂತ್ರ ಹಿಡಿದಿಡಲು ಎರಡು ಬಿಗಿ, ಅಂದರೆ ದಾರಿಯನ್ನು ಮುಚ್ಚಿ ಹಿಡಿಯುವ ಸ್ನಾಯುಗಳು ಇರುತ್ತವೆ. ಒಂದು ಮೂತ್ರಚೀಲದ ಕತ್ತಿನಲ್ಲಿ. ಅದು ನಾವು ಯೋಚಿಸದೆ ಇದ್ದರೂ ತಾನಾಗಿಯೇ ಮುಚ್ಚಿರುತ್ತದೆ. ಇನ್ನೊಂದು ಪ್ರಾಸ್ಟೇಟಿನ ಕೆಳಗೆ, ನಾವು ಬೇಕೆಂದಾಗ ಬಿಗಿ ಹಿಡಿಯುವಂಥದು. ಗ್ರಂಥಿಯನ್ನು ಪೂರ್ತಿ ತೆಗೆಯುವಾಗ ಮೇಲಿನ ಬಿಗಿಗೆ ಬಹಳ ಪೆಟ್ಟು ಬೀಳುತ್ತದೆ. ಇಬ್ಬರು ಹೊರುತ್ತಿದ್ದ ಅಡಿಕೆ ಮೂಟೆಯನ್ನು ಒಬ್ಬನೇ ಹೊತ್ತ ಹಾಗೆ, ಕೆಳಗಿನ ಸ್ನಾಯು ಬೆಳಿಗ್ಗೆ ಹೇಗೋ ತಡೆಯುತ್ತದೆ, ಮಧ್ಯಾಹ್ನಕ್ಕೆ ಸೋಲುತ್ತದೆ. ನಿಮ್ಮ ಅಪ್ಪನಿಗೆ ಮಧ್ಯಾಹ್ನದ ಮೇಲೆ ಜಾಸ್ತಿ, ಮಲಗಿದರೆ ಕಡಿಮೆ ಅಂದಿರಲ್ಲ, ಅದು ಇದೇ ಲಕ್ಷಣ.

ಬೆನ್ನುಹುರಿಯ ಕೆಳತುದಿಯಲ್ಲಿ ಓನುಫ್ ಕೇಂದ್ರ ಅಂತ ನರಕೋಶಗಳ ಒಂದು ಸಣ್ಣ ಗುಂಪು ಇದೆ. ಕೆಳಗಿನ ಬಿಗಿಗೆ ಹೋಗುವ ನರ ಅಲ್ಲಿಂದ ಹೊರಡುತ್ತದೆ. ಡುಲೋಕ್ಸೆಟಿನ್ ಅಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನುವ ಎರಡು ರಾಸಾಯನಿಕಗಳು ಜಾಸ್ತಿ ಹೊತ್ತು ಉಳಿಯುವಂತೆ ಮಾಡುತ್ತದೆ. ಇದರಿಂದ ಮೂತ್ರ ತುಂಬುವ ಹೊತ್ತಿನಲ್ಲಿ ಸ್ನಾಯು ಸ್ವಲ್ಪ ಜಾಸ್ತಿ ಬಿಗಿಯಾಗಿ ಇರುತ್ತದೆ. ನನ್ನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರಿಂದ ನನಗೆ ನಂಬಿಕೆ ಬಂತು. ಅಪ್ಪನಿಗೂ ಹಾಗೆ ಯಾರಾದರೂ ಕೂತು ಹೇಳಬೇಕು.

ಈಗ ಅನುಭವ. ಶುರುವಿನಲ್ಲಿ ವಾಕರಿಕೆ ಜೋರಾಗಿಯೇ ಬಂತು. ನಮ್ಮಲ್ಲಿ ಆಗ ಅಡಿಕೆ ಬೇಯಿಸುವ ಕಾಲ. ಹಂಡೆಯ ಚೊಗರಿನ ವಾಸನೆ ನನಗೆ ಹುಟ್ಟಿನಿಂದ ಗೊತ್ತಿರುವುದು, ಆ ವಾಸನೆಗೇ ಹೊಟ್ಟೆ ತೊಳಸಿ ಒಳಗೆ ಹೋಗಿ ಮಲಗುತ್ತಿದ್ದೆ. ಬಾಯಿ ಒಣಗುತ್ತಿತ್ತು, ಬೆವರು, ರಾತ್ರಿ ನಿದ್ದೆ ಬಿಟ್ಟುಹೋಯಿತು. ಡಾಕ್ಟರಿಗೆ ಫೋನ್ ಮಾಡಿದಾಗ ಊಟ ಆದ ಮೇಲೇ ತಗೊಳ್ಳಿ, ಸಂಜೆಯ ಗುಳಿಗೆಯನ್ನು ತಡಮಾಡಬೇಡಿ ಅಂದರು. ನನಗೆ ಕಡಿಮೆ ಪ್ರಮಾಣದಲ್ಲಿ, 20 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಏರಿಸಿದ್ದರು. ಸೋರಿಕೆಗೆ ಸಾಮಾನ್ಯವಾಗಿ ಪ್ರಯೋಗಗಳಲ್ಲಿ ಕೊಟ್ಟಿರುವುದು ದಿನಕ್ಕೆ ಎರಡು ಸಲ 40 ಮಿಲಿಗ್ರಾಂ. ಎಲ್ಲರಿಗೂ ಅಷ್ಟು ಬೇಕಾಗುವುದಿಲ್ಲ, ತಡೆಯುವುದೂ ಇಲ್ಲ. ವಾಕರಿಕೆ ಆಮೇಲೆ ತಾನಾಗಿ ಇಳಿಯಿತು.

ಸೋರಿಕೆ ಕಡಿಮೆ ಆಯಿತಾ? ಆಯಿತು. ಪೂರ್ತಿ ನಿಂತಿಲ್ಲ, ಆದರೆ ದೊಡ್ಡ ಪ್ಯಾಡಿನಿಂದ ಚಿಕ್ಕ ಪ್ಯಾಡಿಗೆ ಇಳಿದೆ. ತೋಟಕ್ಕೆ ಹೋಗಿ ಒದ್ದೆಯಾಗದೆ ವಾಪಸ್ ಬಂದ ದಿನ ನನಗಾದ ಸಮಾಧಾನ ಹೇಳತೀರದು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಗುಳಿಗೆ ಗಾಯ ಮಾಯಿಸುವುದಿಲ್ಲ. ಸೋರುವುದು ಬೇಗ ನಿಲ್ಲಲು ಕೈ ಹಿಡಿಯುತ್ತದೆ, ಅಷ್ಟೇ. ಸ್ನಾಯು ಗಟ್ಟಿಯಾಗಬೇಕಾದ್ದು ವ್ಯಾಯಾಮದಿಂದ, ಮತ್ತೆ ಕಾಲದಿಂದ. ಆಪರೇಷನ್ ಆದ ಮೇಲೆ ಒಂದು ವರ್ಷದವರೆಗೂ ಸುಧಾರಣೆ ಆಗುತ್ತಲೇ ಇರುತ್ತದೆ. ಗುಳಿಗೆ ತಿಂದು ವ್ಯಾಯಾಮ ಬಿಟ್ಟರೆ, ಗುಳಿಗೆ ನಿಂತ ದಿನ ಮತ್ತೆ ಅಲ್ಲಿಗೇ ಬರುತ್ತೀರಿ.

ವ್ಯಾಯಾಮ ನನಗೆ ಕಲಿಸಿದ್ದು ಹೀಗೆ. ಜನರ ಮಧ್ಯೆ ಕೂತಾಗ ಗಾಳಿ ಬಿಡದ ಹಾಗೆ ಹಿಡಿಯುತ್ತೇವಲ್ಲ, ಆ ಬಿಗಿ. ಅದರ ಜೊತೆಗೆ ಮುಂದಿನ ಅಂಗವನ್ನು ಒಳಕ್ಕೆ ಎಳೆದುಕೊಂಡ ಹಾಗೆ. ಕನ್ನಡಿ ಮುಂದೆ ನಿಂತು ಮಾಡಿದರೆ ಅಂಗದ ಬುಡ ಸ್ವಲ್ಪ ಒಳಗೆ ಸರಿಯುವುದು ಕಾಣುತ್ತದೆ. ಕಂಡರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ. ಉಸಿರು ಹಿಡಿಯಬಾರದು, ಹೊಟ್ಟೆ ಬಿಗಿಯಬಾರದು, ತೊಡೆ ಒತ್ತಬಾರದು. ಮೂತ್ರ ಹೊಯ್ಯುವಾಗ ನಡುವೆ ತಡೆದು ತಡೆದು ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು: ಏಳುವ ಮುಂಚೆ, ಕೆಮ್ಮುವ ಮುಂಚೆ, ಕೊಡ ಎತ್ತುವ ಮುಂಚೆ ಬಿಗಿ ಹಿಡಿಯುವುದು. ಅಪ್ಪನಿಗೆ ಇದು ಇವತ್ತೇ ಹೇಳಿಕೊಡಬಹುದು.

ಗುಳಿಗೆಯನ್ನು ನಾನು ಬಿಟ್ಟಿದ್ದು ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಇಳಿಸುತ್ತಾ. ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗು, ಕಿರಿಕಿರಿ, ವಾಕರಿಕೆ ಎಲ್ಲ ಬರುತ್ತವೆ. ಇದೊಂದು ನೆನಪಿಟ್ಟುಕೊಳ್ಳಿ.

ಕುಮಟಾದಿಂದ

ನಿಮ್ಮ ಪಕ್ಕದ ಮನೆಯವರಿಗೆ ಆಗಿದ್ದು ಬಹುಶಃ ನನಗೆ ಆದ ಆಪರೇಷನ್. ನನ್ನದು ಕ್ಯಾನ್ಸರ್ ಅಲ್ಲ. ಗ್ರಂಥಿ ದಪ್ಪ ಆಗಿ ಮೂತ್ರ ಕಟ್ಟಿತ್ತು, ದುರ್ಬೀನು ಹಾಕಿ ಒಳಗಿಂದ ಕೆರೆದು ತೆಗೆದರು. ಟಿಯುಆರ್‌ಪಿ ಅನ್ನುತ್ತಾರೆ. ಅದಾದ ಮೇಲೆ ನನಗೂ ಸೋರುತ್ತಿತ್ತು, ಆದರೆ ಬೇರೆ ಥರ. ಕೆಮ್ಮಿದರೆ ಏನೂ ಇಲ್ಲ. ಗಡಿಬಿಡಿ ಮಾತ್ರ. ಬಂತು ಅನ್ನುವಷ್ಟರಲ್ಲಿ ಬಂದೇಬಿಟ್ಟಿತು. ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು ಕೇಳಿದರೂ ಸಾಕು. ಗೇಟಿನ ಹತ್ತಿರ ಬಂದಾಗ ತಡೆದಿದ್ದು, ಬಾಗಿಲ ಚಿಲಕ ತೆಗೆಯುವಾಗ ತಪ್ಪಿಹೋಗುತ್ತಿತ್ತು.

ವರ್ಷಗಟ್ಟಲೆ ಅಡ್ಡ ಇದ್ದ ಗ್ರಂಥಿಯ ವಿರುದ್ಧ ಒತ್ತಿ ಒತ್ತಿ ಮೂತ್ರಚೀಲದ ಗೋಡೆ ದಪ್ಪ ಆಗಿರುತ್ತದಂತೆ. ಅಡ್ಡ ತೆಗೆದ ಮೇಲೂ ಅದು ಹಳೇ ಜೋರಿನಲ್ಲೇ ಹಿಂಡುತ್ತದೆ. ಅದನ್ನು ಶಾಂತ ಮಾಡಲು ಸೋಲಿಫೆನಾಸಿನ್, ಟೋಲ್ಟೆರೋಡಿನ್, ಆಕ್ಸಿಬ್ಯುಟಿನಿನ್, ಡಾರಿಫೆನಾಸಿನ್ ಇಂಥ ಗುಳಿಗೆಗಳು. ಇವು ಚೀಲಕ್ಕೆ ಕೆಲಸ ಮಾಡುತ್ತವೆ. ಬಿಗಿ ಸಡಿಲವಾಗಿದ್ದರೆ ಇವುಗಳಿಂದ ಏನೂ ಆಗುವುದಿಲ್ಲ. ನಿಮ್ಮ ಅಪ್ಪನ ವಿವರ ಓದಿದರೆ ಪಕ್ಕದ ಮನೆಯವರ ಗುಳಿಗೆ ಅವರಿಗೆ ಹೊಂದುವ ಹಾಗೆ ಕಾಣುವುದಿಲ್ಲ.

ನಾನು ಸೋಲಿಫೆನಾಸಿನ್ 5 ಮಿಲಿಗ್ರಾಂ ತೆಗೆದುಕೊಂಡೆ. ಗಡಿಬಿಡಿ ಕಡಿಮೆ ಆಯಿತು, ನಿಜ. ಆದರೆ ಬಾಯಿ ಎಷ್ಟು ಒಣಗುತ್ತಿತ್ತು ಅಂದರೆ ಅನ್ನ ನುಂಗಲು ಪ್ರತಿ ತುತ್ತಿಗೂ ಮಜ್ಜಿಗೆ ಬೇಕು. ಮಲಬದ್ಧತೆ ಬೇರೆ. ಮಲ ಗಟ್ಟಿಯಾದರೆ ಅದು ಮೂತ್ರಚೀಲವನ್ನೇ ಒತ್ತುತ್ತದೆ, ಮತ್ತೆ ಗಡಿಬಿಡಿ. ಆಮೇಲೆ ಮಿರಾಬೆಗ್ರಾನ್ 25 ಮಿಲಿಗ್ರಾಂ ಕೊಟ್ಟರು, ಅದು ಹೊಂದಿತು. ಬಾಯಿ ಒಣಗುವುದಿಲ್ಲ, ಹೊಟ್ಟೆಗೆ ತೊಂದರೆ ಇಲ್ಲ. ಫಲ ಕಾಣಲು ಕೆಲವು ವಾರ ಕಾಯಬೇಕು. ಬಿಪಿ ಏರಿಸಬಹುದು ಅಂತ ಆಗಾಗ ನೋಡಿಸಿಕೊಳ್ಳಲು ಹೇಳಿದ್ದಾರೆ. ಅದನ್ನು ಇಡಿಯಾಗಿ ನುಂಗಬೇಕು, ಮುರಿಯಬಾರದು.

ಈ ಗುಳಿಗೆಗಳ ಮೊದಲು ನನಗೆ ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇದೆಯಾ ಅಂತ. ಮೂತ್ರ ಹೊಯ್ದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಸ್ಕ್ಯಾನ್ ಮಾಡಿದರು. ಇದು ಬೇಕೇ ಬೇಕು. ಚೀಲ ತುಂಬಿ ತುಳುಕುವುದರಿಂದ ಸೋರುವವರೂ ಇರುತ್ತಾರೆ. ಅಂಥವರಿಗೆ ಇಂಥ ಗುಳಿಗೆ ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಬಿಡಬಹುದು.

ಯಲ್ಲಾಪುರದಿಂದ

ಆಕ್ಸಿಬ್ಯುಟಿನಿನ್ ಹೆಸರು ನೋಡಿ ಬರೆಯುತ್ತಿದ್ದೇನೆ. ನಮ್ಮ ತಂದೆಗೆ ಎಂಬತ್ತು ದಾಟಿತ್ತು. ಆ ಗುಳಿಗೆ ಶುರು ಮಾಡಿದ ಮೇಲೆ ರಾತ್ರಿ ಎದ್ದು ಕೊಟ್ಟಿಗೆಗೆ ಹೋಗಿ ಹಸು ಹುಡುಕುತ್ತಿದ್ದರು. ಹಸು ಮಾರಿ ಎಷ್ಟೋ ವರ್ಷ ಆಗಿದೆ. ನನ್ನನ್ನು ಅವರ ತಮ್ಮ ಅಂತ ತಿಳಿದು ಮಾತಾಡುತ್ತಿದ್ದರು. ವಯಸ್ಸಿನ ಮರೆವು ಶುರುವಾಯಿತು ಅಂತ ಮನೆಯಲ್ಲಿ ಎಲ್ಲರೂ ಎಣಿಸಿದೆವು. ಊರಿನ ಹಳೇ ಡಾಕ್ಟರು ಚೀಟಿ ನೋಡಿದ ತಕ್ಷಣ 'ಇದನ್ನು ನಿಲ್ಲಿಸೋಣ' ಅಂದರು. ನಿಲ್ಲಿಸಿದ ಮೇಲೆ ಮೊದಲಿನ ಹಾಗೇ ಆದರು. ಈ ಗುಂಪಿನ ಗುಳಿಗೆಗಳು ವಯಸ್ಸಾದವರ ತಲೆಗೆ ಮಂಕು ತರಬಹುದು. ಕಣ್ಣಿನ ಒತ್ತಡ ಇರುವವರೂ ಮೊದಲೇ ಹೇಳಬೇಕು. ಮನೆಯಲ್ಲಿ ಎಂಬತ್ತರ ಹಿರಿಯರು ಇದ್ದವರು ದಯವಿಟ್ಟು ಗಮನಿಸಿ.

ಕಾರವಾರದಿಂದ, ಔಷಧ ಅಂಗಡಿಯವರು

ಕೌಂಟರಿನ ಈ ಕಡೆ ನಿಂತು ಇಂಥ ಚೀಟಿ ದಿನವೂ ನೋಡುತ್ತೇನೆ. ಗಂಡಸರು ಈ ಗುಳಿಗೆ ಕೇಳುವಾಗ ಅಂಗಡಿ ಖಾಲಿ ಆಗುವವರೆಗೆ ಕಾಯುತ್ತಾರೆ. ಪ್ಯಾಡ್ ಕೇಳುವಾಗ 'ಹೆಂಡತಿಗೆ' ಅನ್ನುತ್ತಾರೆ. ನೋಡಿ ಬೇಸರ ಆಗುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಡುಲೋಕ್ಸೆಟಿನ್ ಬಗ್ಗೆ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಯುರೋಪಿನಲ್ಲಿ 2004ರಲ್ಲಿ ಇದಕ್ಕೆ ಹೆಂಗಸರ ಸೋರಿಕೆಗೆ ಅಂತ ಒಪ್ಪಿಗೆ ಸಿಕ್ಕಿತು. ಗಂಡಸರಿಗೆ ಅಲ್ಲ. ಅಮೆರಿಕದಲ್ಲಿ ಸೋರಿಕೆಗೆ ಯಾರಿಗೂ ಒಪ್ಪಿಗೆ ಇಲ್ಲ. ಆದರೂ ಯುರೋಪಿನ ಮೂತ್ರರೋಗ ತಜ್ಞರ ಸಂಘ ತನ್ನ ಮಾರ್ಗಸೂಚಿಯಲ್ಲಿ, ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರಿಗೆ ಸೋರಿಕೆ ಬೇಗ ನಿಲ್ಲಲು ಇದನ್ನು ಕೊಡಬಹುದು, ಅಡ್ಡ ಪರಿಣಾಮ ಮತ್ತು ಒಪ್ಪಿಗೆಯ ವಿಷಯ ಮೊದಲೇ ಹೇಳಿ ಕೊಡಿ ಅನ್ನುತ್ತದೆ. ಅಂದರೆ ನಿಮ್ಮ ಡಾಕ್ಟರು ಬರೆದದ್ದು ಸುಮ್ನೆ ಅಲ್ಲ. ಕಾಗದದಲ್ಲಿ 'ಸೋರಿಕೆ' ಅಂತ ಕಾಣದಿರಬಹುದು, ಅದಕ್ಕೆ ಅಪ್ಪ ಗಾಬರಿ ಆಗಬೇಕಿಲ್ಲ.

ಯಾರು ತಗೊಳ್ಳಬಾರದು? ಲಿವರ್ ಕಾಯಿಲೆ ಇರುವವರು, ಕಿಡ್ನಿ ತೀರಾ ಕೆಟ್ಟವರು, ಹತೋಟಿಗೆ ಬಾರದ ಬಿಪಿ ಇರುವವರು. ಖಿನ್ನತೆಗೆ ಬೇರೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ನೋವಿಗೆ ಟ್ರಮಡಾಲ್ ಇದ್ದರೂ ಹೇಳಬೇಕು. ಆಸ್ಪಿರಿನ್, ರಕ್ತ ತೆಳು ಮಾಡುವ ಗುಳಿಗೆ ಇದ್ದವರಿಗೆ ರಕ್ತಸ್ರಾವ ಸ್ವಲ್ಪ ಜಾಸ್ತಿ ಆಗಬಹುದು. ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಸುಸ್ತು, ಗೊಂದಲ ಕಂಡರೆ ಪರೀಕ್ಷೆ ಮಾಡಿಸಿ. ಶುರುವಿನಲ್ಲಿ ಮನಸ್ಸಿಗೆ ತೀರಾ ಬೇಸರ, ಬದುಕು ಬೇಡ ಅನ್ನುವ ಯೋಚನೆ ಬಂದರೆ ಕಾಯಬೇಡಿ, ಆವತ್ತೇ ಡಾಕ್ಟರಿಗೆ ಹೇಳಿ. ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ಮಾಡಿ ಕೊಡಬೇಡಿ.

ಇನ್ನೊಂದು, ಇದನ್ನು ಜಾಸ್ತಿ ಜನ ನೋಡುವುದಿಲ್ಲ. ಸೋರಿಕೆ ಜಾಸ್ತಿ ಮಾಡುವ ಗುಳಿಗೆ ಮನೆಯ ಡಬ್ಬಿಯಲ್ಲೇ ಇರಬಹುದು. ಆಪರೇಷನ್ ಮುಂಚಿನ ಟ್ಯಾಮ್ಸುಲೋಸಿನ್ ಹಾಗೇ ಮುಂದುವರಿಸುವವರು ಇದ್ದಾರೆ. ಅದು ಮೂತ್ರದ ದಾರಿ ಸಡಿಲ ಮಾಡುವ ಔಷಧ. ಪ್ರಾಸ್ಟೇಟ್ ತೆಗೆದ ಮೇಲೆ ಅದು ಇನ್ನೂ ಬೇಕಾ ಅಂತ ಕೇಳಿ. ಬಿಪಿಗೆ ರಾಮಿಪ್ರಿಲ್, ಎನಲಾಪ್ರಿಲ್ ತಗೊಳ್ಳುವವರಲ್ಲಿ ಕೆಲವರಿಗೆ ಒಣಕೆಮ್ಮು ಬರುತ್ತದೆ. ಪ್ರತಿ ಕೆಮ್ಮಿಗೂ ಒಂದು ಸೋರಿಕೆ. ಗುಳಿಗೆ ಬದಲಿಸಿದರೆ ಕೆಮ್ಮು ಹೋಗುತ್ತದೆ, ಅರ್ಧ ಕಷ್ಟ ಅಲ್ಲೇ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಮೂತ್ರ ಜಾಸ್ತಿ ಆಗುತ್ತದೆ. ನೀರಿಳಿಸುವ ಗುಳಿಗೆಯೂ ಹಾಗೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಈ ಗುಳಿಗೆಗಳಲ್ಲಿ ಹಲವು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ, ಬೇರೆ ಬೇರೆ ಬೆಲೆಗೆ ಬರುತ್ತವೆ. ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ, ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ.

ತದಡಿಯಿಂದ

ನನಗೆ ಡುಲೋಕ್ಸೆಟಿನ್ ಆಗಲಿಲ್ಲ. ಶಿರಸಿಯವರಿಗೆ ವಾಕರಿಕೆ ಇಳಿಯಿತು ಅಂದರು, ನನಗೆ ಇಳಿಯಲಿಲ್ಲ. ದೋಣಿಯ ಇಂಜಿನ್ ರಿಪೇರಿ ನನ್ನ ಕೆಲಸ. ಡೀಸೆಲ್ ವಾಸನೆ, ಅಲೆಯ ತೂಗಾಟ, ಜೊತೆಗೆ ಗುಳಿಗೆಯ ತಲೆ ತಿರುಗು. ಕೆಲಸ ಮಾಡಲು ಸಾಧ್ಯವೇ ಆಗಲಿಲ್ಲ. ಡಾಕ್ಟರು ಬೇಡ ಬಿಡಿ ಅಂದರು. ವ್ಯಾಯಾಮ ಮಾತ್ರ ಬಿಡಲಿಲ್ಲ. ನಿಧಾನಕ್ಕೆ, ಮುಂದಿನ ಮಳೆಗಾಲದ ಹೊತ್ತಿಗೆ, ಸರಿಯಾಯಿತು. ಈಗ ಭಾರ ಎತ್ತುವ ದಿನ ಮಾತ್ರ ಒಂದು ತೆಳು ಪ್ಯಾಡ್.

ಗುಳಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಗುಳಿಗೆ ಆಗದವರು ಇನ್ನು ದಾರಿಯೇ ಇಲ್ಲ ಅಂದುಕೊಳ್ಳಬೇಡಿ ಅಂತ ಹೇಳುತ್ತಿದ್ದೇನೆ.

ನೆಗಡಿ ಗುಳಿಗೆ ತಿಂದ ದಿನ ನನಗೆ ಸೋರಿಕೆ ಕಡಿಮೆ ಇತ್ತು. ಅದನ್ನೇ ದಿನಾ ತಿನ್ನಬಹುದಾ ಅಂತ ಕೇಳಿದ್ದಕ್ಕೆ ಡಾಕ್ಟರು ಬೈದರು. ಕಾರವಾರದವರು ಹೇಳಬಹುದು.

ಕಾರವಾರ, ಔಷಧ ಅಂಗಡಿಯವರು

ಅವರು ಬೈದದ್ದು ಸರಿ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಗಳು ಮೂತ್ರದ ದಾರಿಯನ್ನೂ ಸ್ವಲ್ಪ ಬಿಗಿ ಮಾಡುತ್ತವೆ, ಹಾಗಾಗಿ ನಿಮಗೆ ಹಾಗೆ ಅನಿಸಿದೆ. ಆದರೆ ಬಿಪಿ ಏರುತ್ತದೆ, ಹೃದಯಕ್ಕೆ ಭಾರ. ದಿನಾ ತಿನ್ನುವಂಥದ್ದಲ್ಲ. ಅಂಕೋಲಾದವರ ತಂದೆಗಂತೂ ಬೇಡವೇ ಬೇಡ.

ಹೊನ್ನಾವರದಿಂದ, ಒಬ್ಬ ಗೃಹಿಣಿ

ನಮ್ಮವರಿಗೂ ಇದೇ ಆಗಿತ್ತು. ಗುಳಿಗೆ ವಿಷಯ ಎಲ್ಲರೂ ಹೇಳಿದ್ದೀರಿ, ನಾನು ಮನೆಯ ಕಡೆಯದು ಹೇಳುತ್ತೇನೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಒದ್ದೆ ಪ್ಯಾಡು, ಬೆವರು, ಆಷಾಢದ ತೇವ ಎಲ್ಲ ಸೇರಿ ತೊಡೆಸಂದು ಕೆಂಪಾಗಿ ಸುಲಿದುಹೋಗಿತ್ತು. ಸೋರಿಕೆಗಿಂತ ಅದರ ಉರಿ ಅವರಿಗೆ ಜಾಸ್ತಿ ಆಗಿತ್ತು. ಪ್ಯಾಡು ತುಂಬಲಿ ಅಂತ ಕಾಯಬೇಡಿ, ಒದ್ದೆ ಆದ ಕೂಡಲೇ ಬದಲಿಸಿ. ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಉಜ್ಜಬೇಡಿ. ಮೇಲೆ ಝಿಂಕ್ ಮುಲಾಮು ತೆಳ್ಳಗೆ ಹಚ್ಚಿ. ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುತ್ತಿದ್ದೆ, ಪೂರ್ತಿ ಒಣಗದೆ ಕೊಡುತ್ತಿರಲಿಲ್ಲ. ಅಲ್ಲಿ ಹುಣ್ಣಿನ ಹಾಗೆ ಚುಕ್ಕಿ, ತುರಿಕೆ ಬಂದರೆ ಅದು ಶಿಲೀಂಧ್ರ ಇರಬಹುದು, ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇಗ ಆಗುತ್ತದೆ. ಗಂಡಸರಿಗೆ ಅಂತಲೇ ಮುಂದೆ ದಪ್ಪ ಇರುವ ಪ್ಯಾಡ್ ಸಿಗುತ್ತದೆ, ಅದನ್ನು ಕೇಳಿ ತರಿಸಿ.

ಇನ್ನೊಂದು, ಸೋರುತ್ತದೆ ಅಂತ ಇವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮೂತ್ರ ಹಳದಿಗಟ್ಟಿ, ಉರಿ, ವಾಸನೆ, ಮತ್ತೆ ಗಡಿಬಿಡಿ. ನೀರು ಬಿಡಬಾರದು. ಹಗಲು ಚೆನ್ನಾಗಿ ಕುಡಿದು ಸಂಜೆ ಮೇಲೆ ಕಡಿಮೆ ಮಾಡಿ. ಚಹಾ, ಕಾಫಿ ಇಳಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬಂದವರೆಲ್ಲ ಬಾಳೆದಿಂಡಿನ ರಸ, ಬಾರ್ಲಿ ನೀರು ಅಂತ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದರಿಂದ ಬಿಗಿ ಗಟ್ಟಿಯಾಗುವುದಿಲ್ಲ. ರಾತ್ರಿ ಹೊತ್ತು ಲೋಟಗಟ್ಟಲೆ ಕುಡಿಸಿದರೆ ಸುಮ್ನೆ ನಿದ್ದೆ ಕೆಡುತ್ತದೆ.

ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ: ಎಷ್ಟು ಹೊತ್ತಿಗೆ ಹೋದರು, ಎಷ್ಟು ಕುಡಿದರು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದರು. ಡಾಕ್ಟರು ಅದನ್ನು ನೋಡಿಯೇ ಯಾವ ಥರದ ಸೋರಿಕೆ ಅಂತ ತೀರ್ಮಾನ ಮಾಡಿದರು. ಒದ್ದೆ ಪ್ಯಾಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಒಣ ಪ್ಯಾಡಿನ ತೂಕ ಕಳೆದರೆ ಎಷ್ಟು ಸೋರಿದೆ ಅಂತಲೂ ಗೊತ್ತಾಗುತ್ತದೆ. ಗುಳಿಗೆ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಭಟ್ಕಳದಿಂದ

ಒಂದು ವರ್ಷ ಕಳೆದರೂ ಸೋರಿಕೆ ತುಂಬಾ ಇದ್ದರೆ ಗುಳಿಗೆ ಬದಲಿಸುತ್ತಾ ಕೂರಬೇಡಿ. ನಮ್ಮ ಅಣ್ಣನಿಗೆ ಕೃತಕ ಬಿಗಿ ಹಾಕಿದರು. ಮೂತ್ರನಾಳದ ಸುತ್ತ ನೀರು ತುಂಬಿದ ಪಟ್ಟಿ, ವೃಷಣದ ಚೀಲದೊಳಗೆ ಒಂದು ಸಣ್ಣ ಪಂಪು. ಮೂತ್ರಕ್ಕೆ ಹೋಗುವಾಗ ಅದನ್ನು ಒತ್ತಿದರೆ ಪಟ್ಟಿ ಸಡಿಲ ಆಗುತ್ತದೆ, ಕೆಲವು ನಿಮಿಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಖರ್ಚು ದೊಡ್ಡದು, ಎಲ್ಲ ಊರಲ್ಲೂ ಮಾಡುವುದಿಲ್ಲ. ಕಡಿಮೆ ಸೋರಿಕೆ ಇರುವವರಿಗೆ ನಾಳಕ್ಕೆ ಆಸರೆ ಕೊಡುವ ಪಟ್ಟಿಯ ಆಪರೇಷನ್ ಕೂಡ ಇದೆ. ಪಂಪು ಹಾಕಿದವರು ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದರೆ, ಕ್ಯಾಥೆಟರ್ ಹಾಕುವ ಮೊದಲೇ ಈ ವಿಷಯ ಹೇಳಬೇಕು. ಹೇಳದೆ ಪೈಪು ತೂರಿಸಿದರೆ ನಾಳಕ್ಕೆ ಗಾಯ ಆಗುತ್ತದೆ. ಅಣ್ಣ ಒಂದು ಚೀಟಿ ಬರೆದು ಪರ್ಸಿನಲ್ಲೇ ಇಟ್ಟುಕೊಂಡಿದ್ದಾರೆ.

ನಿಮ್ಮ ತಂದೆಗೆ ಇನ್ನೂ ಆ ಹಂತ ಬಂದಿಲ್ಲ. ಆದರೆ ಮುಂದೆ ದಾರಿ ಇದೆ ಅಂತ ಅವರಿಗೆ ಗೊತ್ತಿರಲಿ.

ಅಂಕೋಲಾ, ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಶಿರಸಿಯವರು ಬರೆದದ್ದನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. 'ಅಡಿಕೆ ಮೂಟೆ' ಅಂದಾಗ ಹೌದು ಅನ್ನುವ ಹಾಗೆ ತಲೆ ಆಡಿಸಿದರು. ಆಮೇಲೆ ಅವರಾಗಿಯೇ ಆಸ್ಪತ್ರೆಗೆ ಹೋಗೋಣ ಅಂದರು.

ಗುಳಿಗೆಗಳನ್ನೆಲ್ಲ ಚೀಲದಲ್ಲಿ ಒಯ್ದು ಮೇಜಿನ ಮೇಲೆ ಸುರಿದೆವು. ಟ್ಯಾಮ್ಸುಲೋಸಿನ್ ಇನ್ನೂ ನಡೆಯುತ್ತಿತ್ತು! ಬೇಡ ಅಂತ ತೆಗೆಸಿದರು. ಬಿಪಿಗೆ ಎನಲಾಪ್ರಿಲ್ ಇತ್ತು, ಒಣಕೆಮ್ಮು ಇದೆ ಅಂದಿದ್ದಕ್ಕೆ ಅದನ್ನೂ ಬದಲಿಸಿದರು. ಸ್ಕ್ಯಾನ್ ಮಾಡಿ ಚೀಲದಲ್ಲಿ ಏನೂ ಉಳಿಯುತ್ತಿಲ್ಲ ಅಂದರು. ಸೋಲಿಫೆನಾಸಿನ್ ಅಪ್ಪನಿಗಲ್ಲ ಅಂತ ಕುಮಟಾದವರು ಹೇಳಿದ್ದನ್ನೇ ಅವರೂ ಹೇಳಿದರು. ಡುಲೋಕ್ಸೆಟಿನ್ ಕಡಿಮೆ ಪ್ರಮಾಣದಲ್ಲಿ ಶುರು, ಬಿಪಿ ವಾರಕ್ಕೊಮ್ಮೆ ನೋಡಿಸಬೇಕು. ವ್ಯಾಯಾಮಕ್ಕೆ ಫಿಸಿಯೋ ಹತ್ತಿರ ಕಳಿಸಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ಹೋದ ಸಲ ಮೂತ್ರದ ಸೋಂಕಿಗೆ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟಿದ್ದರು, ಸ್ವಲ್ಪ ಮನೆಯಲ್ಲಿ ಉಳಿದಿದೆ. ಮತ್ತೆ ಉರಿ ಬಂದರೆ ಅದನ್ನೇ ಕೊಡಬಹುದಾ? ಇನ್ನೊಂದು, ಮುಂದಿನ ವಾರ ಶಿರಸಿಯಲ್ಲಿ ಹತ್ತಿರದವರ ಮದುವೆ. ಕರೆದುಕೊಂಡು ಹೋಗಬಹುದಾ?

ಕಾರವಾರ, ಔಷಧ ಅಂಗಡಿಯವರು

ಕೊಡಬೇಡಿ. ಸಿಪ್ರೋಫ್ಲಾಕ್ಸಾಸಿನ್ ಜೊತೆ ಡುಲೋಕ್ಸೆಟಿನ್ ಸೇರಿದರೆ ರಕ್ತದಲ್ಲಿ ಡುಲೋಕ್ಸೆಟಿನ್ ಪ್ರಮಾಣ ತುಂಬಾ ಏರುತ್ತದೆ. ಮೂತ್ರರೋಗದಲ್ಲಿ ಎರಡೂ ಬಳಕೆಯ ಔಷಧಗಳೇ ಆದ್ದರಿಂದ ಇವು ಒಟ್ಟಿಗೆ ಬೀಳುವ ಸಂಭವ ಜಾಸ್ತಿ. ಉರಿ, ಜ್ವರ ಬಂದರೆ ಮೂತ್ರ ಕಲ್ಚರ್ (ಯಾವ ರೋಗಾಣು ಅಂತ ನೋಡುವ ಪರೀಕ್ಷೆ) ಮಾಡಿಸಿ, ಡುಲೋಕ್ಸೆಟಿನ್ ನಡೆಯುತ್ತಿದೆ ಅಂತ ಹೇಳಿ ಬೇರೆ ಆಂಟಿಬಯೋಟಿಕ್ ಬರೆಸಿಕೊಳ್ಳಿ. ಉಳಿದ ಗುಳಿಗೆ ಡಬ್ಬಿಯಿಂದ ಈಗಲೇ ತೆಗೆದುಬಿಡಿ.

ಶಿರಸಿ ಹತ್ತಿರದವರು

ಮದುವೆಗೆ ಕರೆದುಕೊಂಡು ಬನ್ನಿ, ಆದರೆ ಗುಳಿಗೆಯನ್ನು ಆ ವಾರ ಶುರು ಮಾಡಬೇಕಾ ಅಂತ ಡಾಕ್ಟರನ್ನು ಕೇಳಿ. ಮೊದಲ ದಿನಗಳ ವಾಕರಿಕೆಗೆ ದೇವಿಮನೆ ಘಟ್ಟದ ತಿರುವು ಸೇರಿದರೆ ಅಪ್ಪ ಗುಳಿಗೆಯನ್ನೇ ದೂರಿ ಬಿಟ್ಟುಬಿಡುತ್ತಾರೆ. ಮದುವೆ ಮುಗಿಸಿ ಶುರು ಮಾಡಿದರೂ ನಷ್ಟ ಏನಿಲ್ಲ.

ಬಸ್ಸಿಗಿಂತ ಕಾರು ಒಳ್ಳೆಯದು, ಬೇಕಾದಲ್ಲಿ ನಿಲ್ಲಿಸಬಹುದು. ಬಸ್ಸೇ ಆದರೆ ಬಾಗಿಲ ಹತ್ತಿರ ಸೀಟು ಹಿಡಿಯಿರಿ. ಬಿಳಿ ಪಂಚೆ ಬೇಡ, ಕಡುಬಣ್ಣದ ಪ್ಯಾಂಟು, ಒಳಗೆ ದೊಡ್ಡ ಪ್ಯಾಡ್, ಕೈಚೀಲದಲ್ಲಿ ಇನ್ನೊಂದು ಜೊತೆ. ಹೊರಡುವ ಮುಂಚೆ ಒಮ್ಮೆ, ಘಟ್ಟ ಹತ್ತುವ ಮುಂಚೆ ಒಮ್ಮೆ ಹೋಗಿಬರಲಿ. ಛತ್ರಕ್ಕೆ ಬಂದ ಕೂಡಲೇ ಶೌಚಾಲಯ ಎಲ್ಲಿದೆ ಅಂತ ನೀವೇ ನೋಡಿಕೊಂಡು ಬಂದು ಅಪ್ಪನಿಗೆ ತೋರಿಸಿ. ಊಟಕ್ಕೆ ನೆಲದ ಮೇಲೆ ಕೂತು ಏಳುವಾಗ ಸೋರುತ್ತದೆ, ಟೇಬಲ್ ಪಂಕ್ತಿಯಲ್ಲೇ ಕೂರಿಸಿ. ಪಾಯಸ ಬಡಿಸಲಿ, ಸಕ್ಕರೆ ಕಾಯಿಲೆ ಅಂತ ಒಂದು ಸೌಟು ಸಾಕು. ಕಾಫಿ ಮಾತ್ರ ವಾಪಸ್ ಊರಿಗೆ ಹೋದ ಮೇಲೆ.